ಸಹಾಯ ಬೇಕು: ರುಬೆಲ್ಲಾ ಪ್ರತಿಕಾಯ ಸಮೀಕ್ಷೆ

ಎಲ್ಲರಿಗೂ ನಮಸ್ಕಾರ. ನಾನು ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಶುರುವಾದ ದಡಾರ–ರುಬೆಲ್ಲಾ ಅಭಿಯಾನದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನವರಿಗೆ ಲಸಿಕೆ ಹಾಕಿದರಲ್ಲ, ಅಂದಿನ ಹುಡುಗಿಯರಲ್ಲಿ ಹಲವರು ಈಗ ಕಾಲೇಜಿನಲ್ಲಿದ್ದಾರೆ. ಅವರ ರಕ್ತದಲ್ಲಿ ಐಜಿಜಿ, ಅಂದರೆ ರುಬೆಲ್ಲಾ ವಿರುದ್ಧ ದೇಹದಲ್ಲಿ ಉಳಿಯುವ ಪ್ರತಿಕಾಯ, ಎಷ್ಟಿದೆ ಎಂದು ಅಳೆಯುವುದೇ ನನ್ನ ಪ್ರಬಂಧದ ವಿಷಯ.

ಮಿಲಿಲೀಟರಿಗೆ 10 ಅಂತರರಾಷ್ಟ್ರೀಯ ಯೂನಿಟ್ ಇದ್ದರೆ ರಕ್ಷಣೆಯಿದೆ ಎನ್ನುವುದು ರೂಢಿ. ಹಾಗಾದರೆ 8, 9 ಬಂದವರನ್ನು ಯಾವ ಲೆಕ್ಕಕ್ಕೆ ಹಾಕಲಿ? ಎಲಿಸಾ (ಪ್ರತಿಕಾಯ ಅಳೆಯುವ ಪ್ರಯೋಗಾಲಯ ಪರೀಕ್ಷೆ) ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಇನ್ನೊಂದು ತಲೆನೋವು: ಪ್ರತಿಕಾಯ ಲಸಿಕೆಯಿಂದ ಬಂದದ್ದೋ, ಸೋಂಕಿನಿಂದ ಬಂದದ್ದೋ ಎಂಬುದನ್ನು ಐಜಿಜಿ ಹೇಳುವುದಿಲ್ಲ. ಲಸಿಕೆ ಹಾಕಿಸಿಕೊಂಡಿದ್ದೀರಾ ಎಂದು ಕೇಳಿದರೆ, ಆಗ ಹೆಬ್ಬೆರಳಿಗೆ ಹಚ್ಚಿದ ಶಾಯಿ ನೆನಪಿದೆ ಎನ್ನುತ್ತಾರೆ. ಲಸಿಕೆ ಕಾರ್ಡು ಮಾತ್ರ ಇಲ್ಲ!

ಇಂಥ ಸಮೀಕ್ಷೆ ಮಾಡಿದವರು ಅಂಚಿನ ಫಲಿತಾಂಶಗಳನ್ನು ಹೇಗೆ ನಿಭಾಯಿಸಿದಿರಿ? ಮಾದರಿ ಗಾತ್ರವನ್ನು ವಯೋಗುಂಪುವಾರು ಲೆಕ್ಕ ಹಾಕಿದಿರಾ? ದಯವಿಟ್ಟು ತಿಳಿಸಿ.