ಫೋಟೋ ತೆಗೆಯುವ ಮುಂಚೆ ಒಂದು ಫೋಟೋ

ಗಿರಿ ಆ ಕಪ್ಪು ಡಬ್ಬವನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಸೀನನಿಗೆ ನಾಲಿಗೆ ತುರಿಸಲು ಶುರುವಾಯಿತು.

"ಏನೋ ಇದು? ಇರುವ ಭಾರ ಸಾಲದು ಅಂತ ಕ್ಯಾಮೆರಾ ಬೆನ್ನಿಗೆ ಇನ್ನೊಂದು ಮೂಟೆಯಾ?"

"ಇನ್‌ಸ್ಟಂಟ್ ಬ್ಯಾಕ್ ಕಣೋ. 2020ರಲ್ಲಿ ಲೋಮೋಗ್ರಫಿ ಕಂಪನಿಯವರು ತಂದದ್ದು. 4×5 ಇಂಚಿನ ಹಾಳೆ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾದ ಹಿಂದೆ ಸಿಕ್ಕಿಸಿದರೆ ಸಾಕು, ಫ್ಯೂಜಿಯ ಇನ್‌ಸ್ಟ್ಯಾಕ್ಸ್ ವೈಡ್ ಫಿಲ್ಮ್‌ನಲ್ಲಿ ಫೋಟೋ ಬರುತ್ತದೆ. ಕೂಡಲೇ."

"ಕೂಡಲೇ ಅಂದರೆ ಎಷ್ಟು ಹೊತ್ತು?"

"ಒಂದೂವರೆ ನಿಮಿಷ."

"ಅದು ಫಿಲ್ಮ್ ಹೊರಗೆ ಬಂದ ಮೇಲೆ. ಅದಕ್ಕೂ ಮುಂಚೆ?" ಎಂದಳು ಪದ್ದಿ.

ಗಿರಿ ಡಬ್ಬ ಒರೆಸುತ್ತಾ ಕೂತ. ಪದ್ದಿ ಬಿಡಲಿಲ್ಲ. "ಟ್ರೈಪಾಡ್ ನಿಲ್ಲಿಸಬೇಕು. ಬೆಲ್ಲೋಸ್ ಎಳೆಯಬೇಕು. ಕರಿಬಟ್ಟೆ ಹೊದ್ದು, ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಚಿತ್ರಕ್ಕೆ ಭೂತಗನ್ನಡಿ ಹಿಡಿದು ಫೋಕಸ್ ಮಾಡಬೇಕು. ಆಮೇಲೆ ಮೀಟರು, ಷಟರು, ಡಾರ್ಕ್ ಸ್ಲೈಡು. ಇವನ ಕೈಯಲ್ಲಿ ಮುಕ್ಕಾಲು ಗಂಟೆ ಅಂತ ಇಟ್ಟುಕೋ."

"ಮುಕ್ಕಾಲು ಗಂಟೆ ಬಟ್ಟೆಯೊಳಗೆ ಕೂತವನಿಗೆ ಇದ್ದಕ್ಕಿದ್ದಂತೆ ಎಲ್ಲಿಂದ ಬಂತೋ ಈ ಅವಸರ?" ಎಂದ ಸೀನ.

"ಅವಸರ ಅಲ್ಲ ಮಾರಾಯ, ಟೆಸ್ಟ್. ಶೀಟ್ ಫಿಲ್ಮ್ ಏನು ಬಿಟ್ಟಿ ಸಿಗುತ್ತದಾ? ಎಕ್ಸ್‌ಪೋಶರ್, ಅಂದರೆ ಬೆಳಕಿನ ಲೆಕ್ಕ, ತಪ್ಪಿದರೆ ಹಾಳೆ ದಂಡ. ಮೊದಲು ಇದರಲ್ಲಿ ಒಂದು ತೆಗೆದು ನೋಡುತ್ತೇನೆ. ಸರಿ ಇದ್ದರೆ ಆಮೇಲೆ ನಿಜವಾದ ಫೋಟೋ."

"ಇದರ ಹಾಳೆ ಎಷ್ಟು ಬೀಳುತ್ತದೆ?"

"ಹತ್ತಿರ ಹತ್ತಿರ ಒಂದು ಡಾಲರ್."

"ಅದೂ ದಂಡ ಆಗಬಾರದು ಅಲ್ವಾ? ಅದಕ್ಕೇನು ಮಾಡುತ್ತೀಯ?"

ಗಿರಿ ಸ್ವಲ್ಪ ಮೆಲ್ಲಗೆ ಹೇಳಿದ, "ಅದಕ್ಕೆ ಮುಂಚೆ ಮೊಬೈಲಿನಲ್ಲಿ ಒಂದು ತೆಗೆದು ನೋಡಿಕೊಳ್ಳುತ್ತೇನೆ."

"ಸರಿ. ಎಲ್ಲ ಆಗಿ, ನಿಜವಾದ ಫೋಟೋನೂ ತೆಗೆದು, ತೊಳೆದು, ಒಣಗಿಸಿದ ಮೇಲೆ?"

"ಸ್ಕ್ಯಾನ್ ಮಾಡುತ್ತೇನೆ. ಮೊಬೈಲಿಗೆ ಹಾಕಿಕೊಳ್ಳುತ್ತೇನೆ. ನಾಲ್ಕು ಜನಕ್ಕೆ ತೋರಿಸಬೇಕಲ್ಲ."

"ಅಂದರೆ ಮೊಬೈಲಿನಲ್ಲಿ ಹುಟ್ಟಿದ ಫೋಟೋ ಮೊಬೈಲಿಗೇ ಹೋಗಿ ಸೇರುತ್ತದೆ. ನಡುವೆ ಮರ, ಗಾಜು, ಚರ್ಮ, ಕರಿಬಟ್ಟೆ, ನಿನ್ನ ಸೊಂಟನೋವು. ಆ ಫೋಟೋ ನಿನ್ನ ಜೇಬಿನಲ್ಲೇ ಇತ್ತಲ್ಲೋ, ಸುಮ್ನೆ ಯಾಕೆ ಊರೆಲ್ಲ ಸುತ್ತಿಸಿದೆ?"

ಪದ್ದಿಗೆ ನಗು ತಡೆಯಲಾಗಲಿಲ್ಲ. ಆದರೂ ಗಿರಿಯ ಪರ ವಹಿಸಿದಳು. ಅವಳಿಗೆ ನ್ಯಾಯ ಜಾಸ್ತಿ. "ಟೆಸ್ಟ್ ಅನ್ನುವುದು ಹುಚ್ಚಲ್ಲ ಸೀನ. ಸ್ಟುಡಿಯೋ ಫ್ಲ್ಯಾಶ್ ಬಳಸುವಾಗ ಮೀಟರ್ ಒಂದು ನಂಬರ್ ಹೇಳುತ್ತದೆ, ಅಷ್ಟೇ. ಮೂಗಿನ ನೆರಳು ತುಟಿ ಮೇಲೆ ಬೀಳುತ್ತದಾ ಅಂತ ಹೇಳುವುದಿಲ್ಲ. ಒಂದು ಹಾಳೆ ತೆಗೆದು ನೋಡಿದರೆ ಗೊತ್ತಾಗುತ್ತದೆ."

"ಹಾಳೆ ಒಂದೇ ಥರ ಇದ್ದರೆ ಗೊತ್ತಾಗುತ್ತದೆ ತಾಯಿ. ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಅನ್ನುವ ಐಎಸ್‌ಒ ನಂಬರ್ ಇದೆಯಲ್ಲ, ಇವನ ಇನ್‌ಸ್ಟ್ಯಾಕ್ಸ್‌ಗೆ ಅದು 800. ಇವನು ಆಮೇಲೆ ಹಾಕುವ ಎಚ್‌ಪಿ5 ಶೀಟ್ ಫಿಲ್ಮಿಗೆ 400. ಇದು ಕಲರ್, ಅದು ಕಪ್ಪು ಬಿಳುಪು. ಇದರಲ್ಲಿ ಆಕಾಶ ಸ್ವಲ್ಪ ಬೆಳಗಿದರೆ ಸಾಕು, ಸುಣ್ಣ ಬಳಿದ ಗೋಡೆ. ಅದರಲ್ಲಿ ಅದೇ ಆಕಾಶ ಮೋಡ ಸಮೇತ ಉಳಿಯುತ್ತದೆ. ಪಕ್ಕದ ಮನೆ ಹುಡುಗ ಪರೀಕ್ಷೆ ಬರೆದು ನಮ್ಮ ಹುಡುಗ ಪಾಸಾ ಫೇಲಾ ಅಂತ ನೋಡಿದ ಹಾಗೆ."

"ಅದಕ್ಕೆ ಲೆಕ್ಕ ಇದೆ," ಎಂದ ಗಿರಿ.

"ಅಳತೆಗೂ ಲೆಕ್ಕ ಇದೆಯಾ? ಇದರ ಚಿತ್ರ 62 ಮಿಲಿಮೀಟರ್ ಅಗಲ, 99 ಉದ್ದ. ನಿನ್ನ 4×5 ಹಾಳೆಯ ಹತ್ತಿರ ಹತ್ತಿರ ಅರ್ಧ. ಮೊನ್ನೆ ತೋರಿಸಿದೆಯಲ್ಲ, ಗುಂಪು ಫೋಟೋ. ಗಾಜಿನ ಮೇಲೆ ಏಳು ಜನ, ಟೆಸ್ಟಿನಲ್ಲಿ ನಾಲ್ಕು."

"ಆ ನಾಲ್ಕು ಜನ ಚೆನ್ನಾಗಿ ಬಂದಿದ್ದರು."

"ಎಲ್ಲಿ ಬಂದಿದ್ದರು? ಮಂಜು ಮಂಜಾಗಿ ಇದ್ದರು," ಎಂದಳು ಪದ್ದಿ. ಅದಕ್ಕೆ ಕಾರಣವೂ ಇತ್ತು. ಈ ಡಬ್ಬದೊಳಗೆ ಫಿಲ್ಮ್ ಕೂರುವ ಜಾಗ ಗಾಜಿನ ಜಾಗಕ್ಕಿಂತ ಹಿಂದೆ. ಹಾಗಾಗಿ ಫೋಕಸ್ ಮಾಡುವಾಗ ಗಾಜಿನಡಿ ಒಂದು ಚೌಕಟ್ಟು ಸಿಕ್ಕಿಸಿ, ಅದನ್ನೂ ಅಷ್ಟೇ ಹಿಂದೆ ಸರಿಸಬೇಕು. ಚೌಕಟ್ಟು ಗಿರಿಯ ಬ್ಯಾಗಿನಲ್ಲಿ ಭದ್ರವಾಗಿತ್ತು.

ಇಷ್ಟು ಹೊತ್ತು ಸುಮ್ಮನಿದ್ದ ರಾಜಣ್ಣ ಈಗ ಕನ್ನಡಕ ಹಣೆಗೇರಿಸಿ ಆ ಡಬ್ಬವನ್ನು ತಿರುಗಿಸಿ ನೋಡಿದರು. "ಲಿವರ್ ಎಲ್ಲಿದೆ ಇದರಲ್ಲಿ?"

"ಲಿವರ್ ಇಲ್ಲ ರಾಜಣ್ಣ. ಮೋಟಾರ್. ಬಟನ್ ಒತ್ತಿದರೆ ಅದೇ ಹೊರಗೆ ಬರುತ್ತದೆ."

"ಅಯ್ಯೋ, ಎಳೆಯುವುದೇ ಇಲ್ಲವಾ!" ಎಂದು ರಾಜಣ್ಣ ಅದನ್ನು ಕೆಳಗಿಟ್ಟರು. "ನಮ್ಮ ಕಾಲದಲ್ಲಿ ಪೋಲರಾಯ್ಡ್ 545 ಹೋಲ್ಡರ್. ಒಂದೊಂದೇ ಹಾಳೆ, ಪೇಪರ್ ಲಕೋಟೆಯಲ್ಲಿ. ಲಿವರ್ ಎಲ್ ಕಡೆ, ಅಂದರೆ ಲೋಡ್ ಕಡೆ, ಇಟ್ಟು ಲಕೋಟೆ ಒಳಗೆ ತಳ್ಳಬೇಕು. ಲಕೋಟೆ ಹಿಂದಕ್ಕೆಳೆದರೆ ಫಿಲ್ಮ್ ಒಳಗೇ ನಿಲ್ಲುತ್ತದೆ. ಫೋಟೋ ಹೊಡೆದು ಲಕೋಟೆ ಮತ್ತೆ ಒಳಕ್ಕೆ. ಈಗ ಲಿವರ್ ಪಿ ಕಡೆ, ಅಂದರೆ ಪ್ರೊಸೆಸ್. ಆಮೇಲೆ ಒಂದೇ ಸಮನೆ ಎಳೆಯಬೇಕು. ಒಳಗೆ ರೋಲರ್ ಮಧ್ಯೆ ಕೆಮಿಕಲ್ ಪೊಟ್ಟಣ ಒಡೆದು ಹರಡುತ್ತದೆ. ನಡುವೆ ಉಸಿರು ತಗೊಂಡರೆ ಅಡ್ಡಗೆರೆ ಗ್ಯಾರಂಟಿ. ಚಳಿ ಇದ್ದರೆ ಎಳೆದದ್ದನ್ನು ಬೆಚ್ಚಗಿಡಲು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದೆವು."

"ಪೋಲರಾಯ್ಡ್ ಟೈಪ್ 55 ಫಿಲ್ಮ್!" ಎಂದು ಗಿರಿ ಕೈ ಮುಗಿಯುವುದೊಂದು ಬಾಕಿ. "ಪ್ರಿಂಟೂ ಬರುತ್ತಿತ್ತು, ನೆಗೆಟಿವ್ವೂ ಬರುತ್ತಿತ್ತು. ಅಮೆರಿಕದ ದೊಡ್ಡ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1968ರಲ್ಲಿ ಎಲ್ ಕ್ಯಾಪಿಟನ್ ಬಂಡೆಯ ಫೋಟೋವನ್ನು ಅದರಲ್ಲೇ ತೆಗೆದದ್ದು."

"ಅವರು ಪೋಲರಾಯ್ಡ್ ಕಂಪನಿಗೆ ಸಲಹೆಗಾರರಾಗಿದ್ದರು ಕಣೋ. ನೀನು ಗಿರಾಕಿ," ಎಂದ ಸೀನ.

ರಾಜಣ್ಣ ತಲೆಯಾಡಿಸಿದರು. "ಅದರ ತಂಟೆ ನಿನಗೆ ಗೊತ್ತಿಲ್ಲ ಗಿರಿ. ಪ್ರಿಂಟಿಗೂ ನೆಗೆಟಿವ್‌ಗೂ ಬೇರೆ ಬೇರೆ ಎಕ್ಸ್‌ಪೋಶರ್ ಬೇಕು. ಪ್ರಿಂಟ್ ಚೆನ್ನಾಗಿ ಬಂದರೆ ನೆಗೆಟಿವ್ ತೆಳು. ನೆಗೆಟಿವ್ ಚೆನ್ನಾಗಿ ಬೇಕೆಂದರೆ ಪ್ರಿಂಟ್ ಬೆಳ್ಳಗೆ. ಮೇಲಾಗಿ ನೆಗೆಟಿವ್ ತೊಳೆಯಲು ಸೋಡಿಯಂ ಸಲ್ಫೈಟ್ ತುಂಬಿದ ಬಕೆಟ್ ಹೊತ್ತು ತಿರುಗಬೇಕು."

"ಎರಡೂ ಬರುತ್ತದೆ ಅಂತ ಹೇಳಿ ಒಂದನ್ನಾದರೂ ಕೈಗೆ ಕೊಡದೆ ಸತಾಯಿಸುವ ಫಿಲ್ಮು," ಎಂದ ಸೀನ. "ಅದಕ್ಕೇ ಇಷ್ಟು ಪ್ರೀತಿ."

ಪೋಲರಾಯ್ಡ್‌ನವರು ಇನ್‌ಸ್ಟಂಟ್ ಫಿಲ್ಮನ್ನೇ ನಿಲ್ಲಿಸುತ್ತೇವೆ ಎಂದದ್ದು 2008ರಲ್ಲಿ. ಆಮೇಲೆ ಫ್ಯೂಜಿಯ 4×5 ಹಾಳೆಗಳೂ ಹೋದವು. 2016ರಲ್ಲಿ ಫ್ಯೂಜಿಯವರು ಎಫ್‌ಪಿ-100ಸಿ ಅನ್ನುವ ಇನ್‌ಸ್ಟಂಟ್ ಫಿಲ್ಮ್ ಕೂಡ ನಿಲ್ಲಿಸುತ್ತೇವೆ ಎಂದಾಗ ಸಿಪ್ಪೆ ಸುಲಿದು ನೋಡುವ ಫಿಲ್ಮಿನ ಕಾಲ ಹೆಚ್ಚುಕಡಿಮೆ ಮುಗಿದೇ ಹೋಯಿತು. ಇದೆಲ್ಲ ಗಿರಿಗೆ ಬಾಯಿಪಾಠ. ದೊಡ್ಡ ಸಾಮ್ರಾಜ್ಯ ಬಿದ್ದ ಕಥೆಯ ಥಾಟಿನಲ್ಲೇ ಹೇಳುತ್ತಾನೆ.

"ನ್ಯೂ55 ಅಂತ ಅಮೆರಿಕದಲ್ಲಿ ಕೆಲವರು 2014ರಲ್ಲಿ ಜನರಿಂದ ದುಡ್ಡು ಕೂಡಿಸಿ ಅದೇ ಥರದ ಫಿಲ್ಮ್ ಮತ್ತೆ ಮಾಡಿದರು ಗೊತ್ತಾ? ಕೈಯಲ್ಲೇ ಜೋಡಿಸುತ್ತಿದ್ದರು. ಐದು ಹಾಳೆಗೆ 75 ಡಾಲರ್."

"ಹಾಳೆಗೆ ಹದಿನೈದು," ಎಂದಳು ಪದ್ದಿ ತಕ್ಷಣ. "ಆಮೇಲೆ?"

"2017ರ ಕೊನೆಗೆ ಮುಚ್ಚಿತು."

"ಆ ರೇಟಿಗೆ ಕೊಂಡವರೆಲ್ಲ ಏನು ಫೋಟೋ ತೆಗೆದರೋ?"

"ಎಲ್ಲಿ ತೆಗೆದರು? ಫ್ರಿಜ್ಜಿನಲ್ಲಿ ಇಟ್ಟರು," ಎಂದ ಸೀನ. "ದುಬಾರಿ ಫಿಲ್ಮಿಗೆ ಯೋಗ್ಯವಾದ ದೃಶ್ಯ ಈ ಭೂಮಿ ಮೇಲೆ ಇಲ್ಲ. ಬೆಟ್ಟ ನೋಡಿದರೆ, ಛೆ, ಇದಕ್ಕೆ ಹದಿನೈದು ಡಾಲರಾ ಅನ್ನಿಸುತ್ತದೆ. ಹೆಂಡತಿ ಮುಖ ನೋಡಿದರೂ ಹಾಗೇ ಅನ್ನಿಸುತ್ತದೆ. ಆದರೆ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಅಷ್ಟರಲ್ಲಿ ಡೇಟ್ ಮುಗಿದು ಪೊಟ್ಟಣ ಒಣಗುತ್ತದೆ. ಗಿರಿ ಅಂಥ ಒಣಗಿದ್ದನ್ನೇ ಹುಡುಕಿ ಹುಡುಕಿ ಕೊಳ್ಳುತ್ತಾನೆ."

"ಅರ್ಧ ಚಿತ್ರ ಬಂದರೂ ಅದಕ್ಕೊಂದು ಸೊಗಸಿದೆ."

"ಇದೆ. ಉಳಿದರ್ಧ ಎಲ್ಲಿ ಅಂತ ಕೇಳದವರಿಗೆ."

ಗಿರಿಗೆ ಈಗ ನಿಜವಾಗಿ ಬೇಸರವಾಯಿತು. "ನಿನಗೆ ಎಲ್ಲವೂ ತಮಾಷೆ. ಈ ಫಿಲ್ಮ್ ಹುಟ್ಟಿದ್ದು ಹೇಗೆ ಗೊತ್ತಾ? 1943ರಲ್ಲಿ ಪೋಲರಾಯ್ಡ್ ಕಂಪನಿ ಕಟ್ಟಿದ ಎಡ್ವಿನ್ ಲ್ಯಾಂಡ್ ತನ್ನ ಮೂರು ವರ್ಷದ ಮಗಳ ಫೋಟೋ ತೆಗೆದ. ಆ ಮಗು, ಈಗಲೇ ಯಾಕೆ ನೋಡಲಾಗುವುದಿಲ್ಲ ಅಂತ ಕೇಳಿತಂತೆ. ಅಲ್ಲಿಂದ ಶುರು."

"ಮೂರು ವರ್ಷಕ್ಕೆ ಹಾಗೆ ಕೇಳುವುದು ಸರಿ ಗಿರಿ. ನಿನಗೆ ನಲವತ್ತಾಯಿತು."

ರಾಜಣ್ಣನೂ ನಕ್ಕರು. ನಕ್ಕು, ಜೇಬಿನ ಪಾಕೀಟಿನಿಂದ ಒಂದು ಮಾಸಿದ ಪ್ರಿಂಟ್ ತೆಗೆದು ಪದ್ದಿಯ ಕೈಗೆ ಕೊಟ್ಟರು. ತೆಳ್ಳಗಿನ ಹುಡುಗ, ತುಂಬುಗೂದಲು, ಯಾರದೋ ಕೋಟು. ಕೈಯಲ್ಲಿ ಒಂದು ಖಾಲಿ ಬಾಟಲಿ. ಮೂಗಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಒಂದು ಬಾಣ. ಪಕ್ಕದಲ್ಲಿ ಬರೆದಿತ್ತು: ಇಲ್ಲಿ ಕತ್ತಲು ಜಾಸ್ತಿ.

"ಯಾರಿದು?"

"ನಾನೇ. ಆಗ ಸ್ಟುಡಿಯೋದಲ್ಲಿ ನಾನು ಅಸಿಸ್ಟೆಂಟ್ ಅಲ್ವಾ. ಮಾಡೆಲ್ ಬರುವ ಮುಂಚೆ ಅವರ ಜಾಗದಲ್ಲಿ ನಾನು ನಿಲ್ಲುತ್ತಿದ್ದೆ. ಒಂದು ಪೋಲರಾಯ್ಡ್ ಎಳೆದು, ಎಲ್ಲರೂ ಸುತ್ತ ನಿಂತು ವಾಚ್ ನೋಡಿಕೊಂಡು, ಸುಲಿದು, ಲೈಟ್ ಎಲ್ಲಿ ಸರಿಯಿಲ್ಲ ಅಂತ ನನ್ನ ಮುಖದ ಮೇಲೆಯೇ ಗೀಚುತ್ತಿದ್ದರು. ಲೈಟ್ ಸರಿಯಾದ ಮೇಲೆ ನಾನು ಪಕ್ಕಕ್ಕೆ, ಅವರು ನಡುವಿಗೆ. ಟೆಸ್ಟ್ ಎಲ್ಲ ಕಸದ ಬುಟ್ಟಿಗೆ. ಮನೆಗೆ ಹೋಗುವಾಗ ಬುಟ್ಟಿಯಿಂದ ಕೆಲವು ಜೇಬಿಗೆ ಹಾಕಿಕೊಂಡೆ. ನನ್ನ ಹರೆಯದ ಫೋಟೋ ಅಂತ ಇರುವುದು ಅಷ್ಟೇ."

"ಮುಖ ಇಷ್ಟು ಮಾಸಿದೆ, ಬಾಣ ಮಾತ್ರ ಕಪ್ಪಗೇ ಇದೆಯಲ್ಲ," ಎಂದಳು ಪದ್ದಿ.

"ಪ್ರಿಂಟಿನ ಮೇಲೆ ಒಂದು ದ್ರಾವಣ ಹಚ್ಚಬೇಕಿತ್ತು, ಮಾಸದಿರಲಿ ಅಂತ. ಟೆಸ್ಟಿಗೆ ಯಾರು ಹಚ್ಚುತ್ತಾರೆ?"

ಸೀನ ಆ ಪ್ರಿಂಟನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ. ಆಮೇಲೆ ಗಿರಿಯ ಕಡೆ ತಿರುಗಿದ. "ಏಳೋ. ನಿಲ್ಲಿಸು ನಿನ್ನ ಟ್ರೈಪಾಡ್. ರಾಜಣ್ಣನದು ಒಂದು ತೆಗಿ. ಆ ಚೌಕಟ್ಟು ಮರೆಯಬೇಡ."

ಗಿರಿ ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಕರಿಬಟ್ಟೆ ಹೊದ್ದು ಕಾಣೆಯಾದ. ಪದ್ದಿ ಕಿಟಕಿಯ ಪರದೆ ಸರಿಸಿದಳು. ಕೈ ಎಲ್ಲಿಡಬೇಕು, ಗಲ್ಲ ಎಷ್ಟು ಎತ್ತಬೇಕು ಎಂದು ಯಾರೂ ಹೇಳದೆಯೇ ರಾಜಣ್ಣ ನಿಂತ ಕಡೆಯೇ ಗೊಂಬೆಯಾದರು. ಸೀನ ಕೊಟ್ಟ ನೀರಿನ ಬಾಟಲಿಯನ್ನು ಲೇಬಲ್ ಕ್ಯಾಮೆರಾ ಕಡೆ ಬರುವಂತೆ ಹಿಡಿದರು.

"ಗಿರಿ, ಇದು ಟೆಸ್ಟಾ ಅಥವಾ ನಿಜವಾದದ್ದಾ?"

"ಟೆಸ್ಟ್ ರಾಜಣ್ಣ," ಎಂದಿತು ಬಟ್ಟೆ.

"ಹಾಗಾದರೆ ಸರಿ. ನಿಜವಾದದ್ದಕ್ಕೆ ಬೇರೆ ಯಾರನ್ನಾದರೂ ಕರೀರಿ, ನನಗೆ ಅಭ್ಯಾಸ ಇಲ್ಲ."