ಡೆಟ್, ಐಲ್ಯಾಂಡ್, ನೈಟ್: ಉಚ್ಚರಿಸದ ಅಕ್ಷರ ಸ್ಪೆಲಿಂಗ್‌ನಲ್ಲಿ ಯಾಕಿದೆ?

ಪದಜಿಜ್ಞಾಸು:
ಸಾಲ ಅನ್ನುವ ಅರ್ಥದ ಡೆಟ್‌ನಲ್ಲಿ ‘ಬಿ’ ಇದೆ, ಐಲ್ಯಾಂಡ್‌ನಲ್ಲಿ ‘ಎಸ್’ ಇದೆ, ಯೋಧ ಅನ್ನುವ ಅರ್ಥದ ನೈಟ್‌ಗೆ ಮೊದಲಲ್ಲೇ ‘ಕೆ’. ಹಿಂದೆ ಇವನ್ನೆಲ್ಲ ಉಚ್ಚರಿಸುತ್ತಿದ್ದರು, ಬರಬರುತ್ತಾ ಬಿಟ್ಟುಹೋಯಿತು ಅನ್ನುತ್ತಾರೆ. ಮೂರಕ್ಕೂ ಇದೇ ಕಾರಣವೇ? ಪತ್ತೆಹಚ್ಚೋದು ಹೇಗೆ?

ಹಳೆಕಾಗುಣಿತ:
ಈ ಮೂರರಲ್ಲಿ ನಿಜವಾಗಿ ನಾಲಗೆಯ ಮೇಲಿದ್ದದ್ದು ನೈಟ್‌ನ ‘ಕೆ’ ಒಂದೇ. ಹಳೆಯ ಇಂಗ್ಲಿಷಿನಲ್ಲಿ ಅದು ‘ಕ್ನಿಹ್ಟ್’. ಹುಡುಗ, ಆಳು ಎಂದರ್ಥ. ಅದರ ದಾಯಾದಿಯಾದ ಜರ್ಮನ್ ‘ಕ್ನೆಖ್ಟ್’ನಲ್ಲಿ ‘ಕೆ’ ಇವತ್ತಿಗೂ ಕೇಳಿಸುತ್ತದೆ.

ಡೆಟ್ ಕತೆಯೇ ಬೇರೆ. ಫ್ರೆಂಚಿನಿಂದ ಬಂದಾಗ ಅದನ್ನು ಡಿ-ಇ-ಟಿ-ಟಿ-ಇ ಎಂದು ಬರೆಯುತ್ತಿದ್ದರು, ‘ಬಿ’ ಇರಲಿಲ್ಲ. ಮೂಲ ಲ್ಯಾಟಿನ್ನಿನ ‘ಡೆಬಿಟುಮ್’ ಎಂದು ಕಾಣಲಿ ಅಂತ ಓದುಬಲ್ಲವರು ‘ಬಿ’ ತಂದು ಕೂರಿಸಿದರು. ಬರಹ ಬದಲಾಯಿತು, ಉಚ್ಚಾರ ಹಾಗೇ ಉಳಿಯಿತು. ರಿಸೀಟ್‌ಗೆ ‘ಪಿ’ ಬಂದದ್ದೂ ಹೀಗೆಯೇ. ಅದೇ ಲ್ಯಾಟಿನ್ ಧಾತುವಿನಿಂದ ಬಂದ ಡಿಸೀಟ್‌ನಲ್ಲಿ ಮಾತ್ರ ಆ ‘ಪಿ’ ನಿಲ್ಲಲಿಲ್ಲ.

ಐಲ್ಯಾಂಡ್‌ನದು ಶುದ್ಧ ತಪ್ಪು ತಿಳಿವಳಿಕೆ. ಅದು ‘ಈಯ್‌ಲಂಡ್’ ಎಂಬ ಅಚ್ಚ ಹಳೆಯ ಇಂಗ್ಲಿಷ್ ಪದ. ಲ್ಯಾಟಿನ್ ‘ಇನ್ಸುಲಾ’ದಿಂದ ಫ್ರೆಂಚ್ ಮೂಲಕ ಬಂದ, ದ್ವೀಪ ಅನ್ನುವ ಅರ್ಥದ್ದೇ ಆದ ‘ಐಲ್’ಗೂ ಇದಕ್ಕೂ ನಂಟಿಲ್ಲ. ಇದೆಯೆಂದುಕೊಂಡು 16ನೇ ಶತಮಾನದಲ್ಲಿ ‘ಎಸ್’ ಸೇರಿಸಿದರು.

ಮೂಲಾಕ್ಷರ:
ಹೀಗೆ ಸೇರಿಸಿದ ಅಕ್ಷರಗಳೆಲ್ಲ ಮೂಕವಾಗಿಯೇ ಉಳಿದಿಲ್ಲ, ಇದನ್ನು ಮರೆಯಬಾರದು. ಫಾಲ್ಟ್‌ನಲ್ಲಿ ಮೊದಲು ‘ಎಲ್’ ಇರಲಿಲ್ಲ, ಪರ್ಫೆಕ್ಟ್ ಮೊದಲು ‘ಪರ್ಫಿಟ್’ ಆಗಿತ್ತು. ಲ್ಯಾಟಿನ್ ನೋಡಿ ಕಾಗುಣಿತ ತಿದ್ದಿದರು. ಜನ ಬರೆದದ್ದನ್ನೇ ಓದಿ ಓದಿ ಉಚ್ಚಾರವೂ ಬದಲಾಯಿತು. ಕುಡ್‌ನ ‘ಎಲ್’ಗೆ ಲ್ಯಾಟಿನ್ ಕಾರಣವಲ್ಲ, ವುಡ್, ಶುಡ್ ಜೊತೆ ಹೊಂದಲಿ ಅಂತ ಬಂದದ್ದು.

ನಿಘಂಟುಪ್ರಿಯ:
ಪತ್ತೆಹಚ್ಚಲು ವ್ಯುತ್ಪತ್ತಿ ಕೊಡುವ ನಿಘಂಟಿನಲ್ಲಿ ಮೊದಲು ಹಳೆಯ ರೂಪಗಳನ್ನು ನೋಡಿ. ಅನುಮಾನದ ಅಕ್ಷರ ಅತಿ ಹಳೆಯ ರೂಪದಲ್ಲೇ ಇದ್ದರೆ ಉಚ್ಚಾರ ಸವೆದಿರುವ ಸಂಭವವೇ ಹೆಚ್ಚು. ನಡುವಿನ ಕಾಲದಲ್ಲಿ ಕಾಣಿಸಿಕೊಂಡರೆ ಸೇರಿಸಿದ್ದು. ರೂಪದ ಮೊದಲಿಗೆ ನಕ್ಷತ್ರ ಚಿಹ್ನೆ (*) ಇದ್ದರೆ ಅದು ಬರಹದಲ್ಲಿ ಎಲ್ಲೂ ಸಿಕ್ಕದ, ವಿದ್ವಾಂಸರು ಊಹಿಸಿ ಕಟ್ಟಿದ ರೂಪ; ಕಾಗುಣಿತಕ್ಕೆ ಸಾಕ್ಷಿಯಾಗದು.

ಎಡವುವುದು ಸಾಮಾನ್ಯವಾಗಿ ನೆಂಟ ಪದಗಳನ್ನು ನಂಬಿದಾಗ. ಡೆಬಿಟ್‌ನಲ್ಲಿ ‘ಬಿ’ ಕೇಳಿಸುತ್ತದೆ, ಹಾಗಾದರೆ ಡೆಟ್‌ನಲ್ಲೂ ಕೇಳಿಸುತ್ತಿತ್ತು ಅನ್ನುವ ವಾದ ನಿಲ್ಲುವುದಿಲ್ಲ. ಲ್ಯಾಟಿನ್ ಒಂದೇ ಆದರೂ ಎರಡೂ ಬಂದ ದಾರಿ ಬೇರೆ. ಪದದ ಕೊನೆ ನೋಡಿ ತೀರ್ಮಾನಿಸಿದರೂ ಕೆಡುತ್ತದೆ. ಕುರಿಮರಿಯ ‘ಲ್ಯಾಮ್’, ಹೆಬ್ಬೆರಳಿನ ‘ಥಮ್’ ಎರಡರ ಕೊನೆಗೂ ‘ಬಿ’ ಇದೆ. ಮೊದಲನೆಯದರಲ್ಲಿ ಅದು ಹುಟ್ಟಿನಿಂದಲೇ ಇದೆ. ಎರಡನೆಯದು ಹಳೆಯ ಇಂಗ್ಲಿಷಿನಲ್ಲಿ ‘ಥೂಮ’, ‘ಬಿ’ ಆಮೇಲೆ ಅಂಟಿಕೊಂಡದ್ದು.