ಸಹಾಯ ಬೇಕು: ಕುಡಿತ ಬಿಡಿಸುವ ಚಿಕಿತ್ಸೆ ಮನೆಯಲ್ಲಿ ಸಾಧ್ಯವೇ?

15 ವರ್ಷಗಳಿಂದ ದಿನವೂ ಮದ್ಯ ಸೇವಿಸುತ್ತಿರುವ ನಮ್ಮ ಅಣ್ಣ ಕಳೆದ ವರ್ಷ ಯಾರಿಗೂ ಹೇಳದೆ ಒಮ್ಮೆಲೇ ಕುಡಿತ ನಿಲ್ಲಿಸಿದಾಗ, ಮರುದಿನ ಬೆಳಿಗ್ಗೆ ಎರಡೂ ಕೈಗಳಿಂದ ಹಿಡಿದರೂ ಲೋಟದ ನೀರು ತುಳುಕುವಷ್ಟು ನಡುಕ ಬಂದು, ಸಂಜೆಗೆ ಫಿಟ್ಸ್ ಆಯಿತು. ನಿಲ್ಲಿಸಿದ 6ರಿಂದ 48 ಗಂಟೆಗಳೊಳಗೆ ಹೀಗಾಗಬಹುದು, ಆಮೇಲೆ ಭ್ರಮೆ, ಗೊಂದಲ ಕಾಣಿಸಿಕೊಂಡರೆ ಜೀವಕ್ಕೇ ಅಪಾಯ ಎಂದ ವೈದ್ಯರು, ಆಸ್ಪತ್ರೆಯಲ್ಲಿ ಇರಿಸಿಕೊಂಡು ಥಯಾಮಿನ್ (ವಿಟಮಿನ್ ಬಿ1) ಚುಚ್ಚುಮದ್ದನ್ನೂ, ಪ್ರಮಾಣ ಇಳಿಸುತ್ತ ಕ್ಲೋರ್ಡಯಾಜೆಪಾಕ್ಸೈಡ್ (ನಡುಕ, ಫಿಟ್ಸ್ ತಡೆಯುವ ಶಾಮಕ ಔಷಧ) ಮಾತ್ರೆಯನ್ನೂ ಕೊಟ್ಟಿದ್ದರು. ನಾಲ್ಕು ತಿಂಗಳ ನಂತರ ಕುಡಿತ ಮರುಕಳಿಸಿತು. ಈಗ ಬಿಡಲು ತಾವಾಗಿಯೇ ಒಪ್ಪಿದ್ದಾರೆ (ಅದೇ ನಮಗೆ ದೊಡ್ಡ ಸಮಾಧಾನ), ಆದರೆ ಆಸ್ಪತ್ರೆ ಸೇರಲು ಒಪ್ಪದೆ, ಉಳಿದ ಮಾತ್ರೆಗಳನ್ನೇ ನುಂಗುವುದಾಗಿ ಹೇಳುತ್ತಿದ್ದಾರೆ. ಅವುಗಳ ಜೊತೆ ಕುಡಿದರೆ ಉಸಿರಾಟ ಕುಗ್ಗಬಹುದೆಂದು ಮಾತ್ರೆಗಳನ್ನು ತೆಗೆದಿಟ್ಟಿದ್ದೇನೆ. ಹಿಂದೊಮ್ಮೆ ಫಿಟ್ಸ್ ಬಂದವರಿಗೆ, ವೈದ್ಯರು ದಿನವೂ ಪರೀಕ್ಷಿಸುವುದಾದರೆ, ಮನೆಯಲ್ಲೇ ಚಿಕಿತ್ಸೆ ಸುರಕ್ಷಿತವೇ, ಅಥವಾ ಆಸ್ಪತ್ರೆಗೆ ದಾಖಲಿಸಲೇಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.